ಸೌಜನ್ಯದಿಂದ ಎಳೆಯತಕ್ಕದ್ದು

ಅಲ್ಯೂಮಿನಿಯಂ ಬೆಸುಗೆ ಎಷ್ಟು ಗಟ್ಟಿಯಿರಬೇಕೆಂಬುದನ್ನು ಬಹುಮತದಿಂದ ತೀರ್ಮಾನಿಸತಕ್ಕದ್ದೆಂದು ಕಾಲುಸೇತುವೆ ತಯಾರಿಸುವ ಕಾರ್ಖಾನೆಯ ಆಡಳಿತ ಮಂಡಳಿ ನಿರ್ಣಯ ಅಂಗೀಕರಿಸಿತು.

ಅಲ್ಲಿ ಬೆಸುಗೆಗೆ ಬೆಂಕಿ ಬೇಡ. ಎರಡು ಫಲಕಗಳನ್ನು ಒತ್ತಾಗಿ ಇಟ್ಟು, ಸಂದಿಗೆ ಉಕ್ಕಿನ ಮೊಳೆಯೊಂದನ್ನು ಒತ್ತಿ ಗರಗರ ತಿರುಗಿಸುತ್ತ ಮುಂದೆ ಸಾಗಿಸುತ್ತಾರೆ. ತಿಕ್ಕಾಟದ ಬಿಸಿಗೆ ಲೋಹ ಕಲಸಿದ ಹಿಟ್ಟಿನಂತೆ ಮೆತ್ತಗಾಗಿ ಒಂದರೊಳಗೊಂದು ಬೆರೆಯುತ್ತದೆ. ಮೊಳೆ ಎಷ್ಟು ಜೋರಾಗಿ ತಿರುಗುತ್ತದೆ, ಎಷ್ಟು ಬೇಗ ಸಾಗುತ್ತದೆ ಎಂಬುದರ ಮೇಲೆ ಜೋಡಣೆಯ ಬಲ ನಿಂತಿದೆ. ಪರೀಕ್ಷಾ ವಿಭಾಗದ ಮೇಡಂಗೆ ಇದು ಗೊತ್ತಿತ್ತು. ಆದರೆ ಮಂಡಳಿಯಲ್ಲಿ ಅವರಿಗೆ ಮತವಿರಲಿಲ್ಲ.

ಮೊಳೆ ಜೋರಾಗಿ ತಿರುಗಿದರೆ ಮೇಲಿನ ಮಹಡಿಯಲ್ಲಿ ನಿರ್ದೇಶಕರ ಚಹಾ ಕಪ್ಪು ಬಸಿಯಲ್ಲಿ ಕುಣಿಯುತ್ತಿತ್ತು. ಆದ್ದರಿಂದ ತಿರುಗುವ ವೇಗ ತಗ್ಗಿತು. ಸೇತುವೆಯ ಉದ್ಘಾಟನೆ ಹತ್ತಿರವಾಗಿತ್ತು. ಆದ್ದರಿಂದ ಸಾಗುವ ವೇಗ ಏರಿತು. ಎರಡೂ ಸರ್ವಾನುಮತದಿಂದ.

ಲೋಹ ಸರಿಯಾಗಿ ಬಿಸಿಯೇ ಆಗಲಿಲ್ಲ. ಮೇಡಂ ಬೆಸುಗೆಯ ತುಂಡೊಂದನ್ನು ಪರೀಕ್ಷಾ ಯಂತ್ರಕ್ಕೆ ಕಚ್ಚಿಸಿ ಎಳೆದರೆ, ಬೇಕಾದ ಬಲದ ಅರ್ಧಕ್ಕೇ ಅದು ಕೈಕೊಟ್ಟಿತು. ಒಳಗೆ ಇಲಿ ಕೊರೆದ ಹಾಗೆ ಉದ್ದಕ್ಕೂ ಬಿಲ.

ಮ್ಯಾನೇಜರು ತುಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಷ್ಟೊಂದು ಯಾಕೆ ಎಳೆದ್ರಿ?"

"ಎಷ್ಟು ತಡೆಯುತ್ತೆ ಅಂತ ನೋಡೋಕೆ, ಸಾರ್."

"ಮುರಿಯೋವರೆಗೂ ಎಳೆದ್ರೆ ಯಾವುದಾದ್ರೂ ಮುರಿಯುತ್ತೆ ಮೇಡಂ. ಅದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಬೇಕು."

"ಯಾವಾಗ ಮುರಿಯುತ್ತೆ ಅಂತ ಹೇಗೆ ಗೊತ್ತಾಗುತ್ತೆ?"

"ಅದಕ್ಕೇ ಅನುಭವ ಬೇಕು ಅನ್ನೋದು."

ಸಂಜೆಯೊಳಗೆ ಸುತ್ತೋಲೆ ಬಂತು: 'ಪರೀಕ್ಷೆಯ ತುಂಡುಗಳನ್ನು ಸೌಜನ್ಯದಿಂದ ಎಳೆಯತಕ್ಕದ್ದು. ತುಂಡು ಮುರಿದಲ್ಲಿ ಎಳೆದವರನ್ನೇ ಹೊಣೆ ಮಾಡಲಾಗುವುದು.'

ಗಂಡನ ಕೆಲಸ ಹೋಗಿ ಮನೆ ನಡೆಯುತ್ತಿದ್ದುದು ಮೇಡಂ ಸಂಬಳದಲ್ಲಿ. ಅವರು ಸೌಜನ್ಯದಿಂದ ಎಳೆದರು. ಒಂದೂ ಮುರಿಯಲಿಲ್ಲ. ಕಾರ್ಖಾನೆಗೆ ಗುಣಮಟ್ಟದ ಪ್ರಶಸ್ತಿ ಬಂತು.

ಸೇತುವೆ ಊರ ಕಾಲುವೆಯ ಮೇಲೆ ಕೂತಿತು. ಮಂತ್ರಿಗಳು ದಡದಲ್ಲೇ ನಿಂತು ಉದ್ಘಾಟಿಸಿದರು. ಪಕ್ಕದಲ್ಲಿ ಸೂಚನಾ ಫಲಕ ನಿಲ್ಲಿಸಿದರು: 'ಒಂದು ಸಲಕ್ಕೆ ಒಬ್ಬರು. ಬರಿಗಾಲು. ಊಟ ಮಾಡಿದವರು ಅರ್ಧ ಗಂಟೆ ಕಾಯತಕ್ಕದ್ದು.' ಜನ ಓದಿಕೊಂಡು ಸಾಲು ನಿಂತರು.

ಮೇಡಂ ಮಗಳ ಶಾಲೆ ಇದ್ದುದು ಆಚೆ ದಡದಲ್ಲಿ.

"ನೀನು ರಸ್ತೆ ಸುತ್ತಿಕೊಂಡೇ ಹೋಗು ಪುಟ್ಟಿ," ಎಂದರು ಮೇಡಂ.

"ಯಾಕಮ್ಮ? ಅದನ್ನ ಪಾಸ್ ಮಾಡಿದ್ದು ನೀನೇ ಅಲ್ವಾ?"

ಮರುದಿನ ಬೆಳಗ್ಗೆ ಮೇಡಂ ಮಗಳನ್ನು ಹಿಂದೆ ನಿಲ್ಲಿಸಿ, ಅವಳ ಚೀಲವನ್ನು ತಾವೇ ಹೊತ್ತು, ಚಪ್ಪಲಿ ಕೈಯಲ್ಲಿ ಹಿಡಿದು ಸೇತುವೆಗೆ ಕಾಲಿಟ್ಟರು. ಕೆಳಗೆಲ್ಲೋ ಸಣ್ಣಗೆ ಕಿರ್ರೆಂದಿತು.

"ಮೆಲ್ಲಗೆ ನಡೀರಮ್ಮ," ಎಂದರು ಸಾಲಿನಲ್ಲಿದ್ದ ಹಿರಿಯರೊಬ್ಬರು, ತುಸು ಬೇಸರದಿಂದ. "ಪರೀಕ್ಷೆಯಲ್ಲಿ ಪಾಸಾದ ಸೇತುವೆ ಇದು."

ಸಾಲಿನಲ್ಲಿದ್ದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಮೇಡಂ ಕ್ಷಮೆ ಕೇಳಿ, ಉಸಿರು ಬಿಗಿಹಿಡಿದು ತುದಿಗಾಲಲ್ಲಿ ನಡೆದರು.