ಕೋರ್ಟಿನ ದಾಖಲೆಯಲ್ಲಿ ಅಳಿಯನನ್ನು ಹುಡುಕಿದ್ದು

ಸುಮ್ಮನೆ ಕೂರುವುದೂ ಒಂದು ವಿದ್ಯೆ. ಅದನ್ನು ಎಂಟನೇ ಕ್ಲಾಸಿನಲ್ಲೋ ಒಂಬತ್ತರಲ್ಲೋ ಹೇಳಿಕೊಡುತ್ತಾರೆ ಎಂದು ಕಾಣುತ್ತದೆ. ನಾನು ಏಳಕ್ಕೇ ಶಾಲೆಗೆ ಕೈ ಮುಗಿದು ಬಂದವನು. ಅಲ್ಲಿಂದ ಇಲ್ಲಿಯವರೆಗೆ ನನ್ನ ಕೈಗೆ ಬಿಡುವಿಲ್ಲ, ತಲೆಗಂತೂ ಮೊದಲೇ ಇಲ್ಲ. ಚನ್ನಪಟ್ಟಣದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಬೋರ್‌ವೆಲ್ ಮೋಟರ್ ಸುಟ್ಟರೆ ಸುತ್ತಲಿನ ಹಳ್ಳಿಯವರು ಮೊದಲು ನೆನೆಯುವುದು ದೇವರನ್ನು, ಆಮೇಲೆ ಕೆಂಪಣ್ಣನನ್ನು, ಅಂದರೆ ನನ್ನನ್ನು. ಕೆಲವರು ದೇವರನ್ನು ಬಿಟ್ಟು ನೇರವಾಗಿ ನನ್ನ ಹತ್ತಿರ ಬರುವುದೂ ಉಂಟು. ಮೋಟರನ್ನು ಬಿಚ್ಚುವ ಮುಂಚೆಯೇ ಮೂಸಿ ನೋಡಿ, ಎಲ್ಲಿ ಸುಟ್ಟಿದೆ ಎಂದು ಹೇಳಿಬಿಡುತ್ತೇನೆ. ಈ ಮೂಗಿನ ಮೇಲೆ ನನಗೆ ಬಹಳ ಹೆಮ್ಮೆ. ಮೋಟರ್ ಮೂಸುತ್ತ ಮೂಸುತ್ತ ಮನುಷ್ಯರನ್ನೂ ಮೂಸುವ ಚಟ ಹತ್ತಿದೆ ಎಂದು ನನ್ನ ಹೆಂಡತಿ ಜಯಮ್ಮ ಆಗಾಗ ಹೇಳುತ್ತಾಳೆ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಮಗಳು ರೂಪಾಳಿಗೆ ಮಾಗಡಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಮಂಜುನಾಥ, ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ತಂದೆ ಪುಟ್ಟಸ್ವಾಮಿ, ರಾಗಿ, ರೇಷ್ಮೆ ಎಂದು ಬೇಸಾಯ ಮಾಡಿಕೊಂಡಿರುವವರು. ಹುಡುಗಿ ಒಪ್ಪಿದಳು. ಒಪ್ಪಿದಳು ಎಂದರೆ, ಫೋನು ಹಿಡಿದುಕೊಂಡು ಹಿತ್ತಲಿಗೆ ಹೋದವಳು ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಊರಿಗೆ ಏನಾದರೊಂದು ನೆಪ ಮಾಡಿಕೊಂಡು ಹೋಗಿ, ಗುರುತು ಹೇಳದೆ ವಿಚಾರಿಸಿಕೊಂಡು ಬರುವ ಪದ್ಧತಿ ಇದೆ. ನಾನೂ ಸೀಮೆಹಸು ಕೊಳ್ಳುವ ನೆಪದಲ್ಲಿ ಹೋದೆ. ಆ ಊರಿನವರು ಎಷ್ಟು ಒಳ್ಳೆಯ ಜನ ಎಂದರೆ, ಹುಡುಗನ ವಿಚಾರ ಎತ್ತಲು ಬಿಡದೆ ಮನೆಮನೆಗೂ ಕರೆದುಕೊಂಡು ಹೋಗಿ ಹಸು ತೋರಿಸಿದರು. ಒಂದಕ್ಕೆ ಮುಂಗಡ ಕೊಡುವುದೊಂದು ಬಾಕಿ ಉಳಿದಿತ್ತು. ಹೊರಡುವಾಗ ಟೀ ಅಂಗಡಿಯವನೊಬ್ಬ ಹುಡುಗ ಪರವಾಗಿಲ್ಲ ಎಂದ. ಮನೆಗೆ ಬಂದವನು ಹುಡುಗ ಅಪ್ಪಟ ಚಿನ್ನ, ನಾನೇ ಜರಡಿ ಹಿಡಿದು ಬಂದಿದ್ದೇನೆ ಎಂದು ಸಾರಿದೆ. ನಿಶ್ಚಿತಾರ್ಥಕ್ಕೆ ದಿನವೂ ಗೊತ್ತಾಯಿತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನಗೊಬ್ಬ ಭಾವಮೈದ ಇದ್ದಾನೆ, ನಾಗರಾಜು. ಕನಕಪುರದಲ್ಲಿ ಜೆರಾಕ್ಸ್ ಅಂಗಡಿ. ದಿನವಿಡೀ ಊರಿನವರ ಕಾಗದಪತ್ರಗಳನ್ನೆಲ್ಲ ಮಿಷನ್ನಿಗೆ ಹಾಕಿ ಹಾಕಿ, ಲೋಕದಲ್ಲಿ ಯಾರೂ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬಂದಿರುವವನು. ಅವನು ಅಂಗಡಿಗೆ ಬಂದು ಕುಳಿತು, "ಭಾವ, ಹಸು ನೆಪದ ಕಾಲ ಹೋಯ್ತು. ಈಗ ಕೋರ್ಟ್ ಕೇಸೆಲ್ಲ ಫೋನಲ್ಲೇ ಐತೆ. ಒಸಿ ನೋಡ್ಬುಡಿ" ಎಂದ. ನೋಡುವುದು ಹೇಗೆ ಎಂದೂ ಹೇಳಿಕೊಟ್ಟ. ಕೋರ್ಟಿನವರ ವೆಬ್‌ಸೈಟಿಗೆ ಹೋಗಬೇಕು. ರಾಜ್ಯ, ಜಿಲ್ಲೆ, ಯಾವ ಊರಿನ ಕೋರ್ಟು ಎಲ್ಲ ಒತ್ತಬೇಕು. ಕೇಸ್ ನಂಬರ್ ಗೊತ್ತಿಲ್ಲದವರು ಹೆಸರು ಹಾಕಬೇಕು, ವರ್ಷ ಹಾಕಬೇಕು. ನಡೆಯುತ್ತಿರುವ ಕೇಸೋ ಮುಗಿದ ಕೇಸೋ ಹೇಳಬೇಕು. ಕೊನೆಗೆ, ನಾವು ಮನುಷ್ಯರೇ ಹೌದು ಎಂದು ರುಜುವಾತು ಮಾಡಲು, ಅಲ್ಲಿ ಬರೆದಿರುವ ಸೊಟ್ಟಂಬಟ್ಟ ಅಕ್ಷರಗಳನ್ನು ನೋಡಿ ಹಾಗೇ ಒತ್ತಬೇಕು.

ಸುಟ್ಟು ಕರಕಲಾದ ಮೋಟರಿನ ತಗಡಿನ ಮೇಲೆ ಅಳಿಸಿ ಹೋದ ಎಚ್‌ಪಿ ಎಷ್ಟು ಎಂದು ಬೆರಳಿನಲ್ಲಿ ಸವರಿ ಹೇಳುವವನು ನಾನು. ಆ ಅಕ್ಷರಗಳ ಮುಂದೆ ಸೋತೆ. ಅವು ಒಂದರ ಹೆಗಲ ಮೇಲೆ ಇನ್ನೊಂದು ಕಾಲು ಹಾಕಿಕೊಂಡು ಕುಣಿಯುತ್ತಿದ್ದವು. ನಾನು ಒತ್ತಿದಂತೆಲ್ಲ ತಪ್ಪು ತಪ್ಪು ಎಂದು ಹೊಸ ಅಕ್ಷರ ಬರುತ್ತಿತ್ತು. ಶಾಲೆ ಬಿಟ್ಟ ಮೇಲೆ ಯಾರೂ ನನಗೆ ತಪ್ಪು ಎಂದು ಇಷ್ಟು ಸಲ ಹೇಳಿರಲಿಲ್ಲ. ಕೊನೆಗೆ ನಾಗರಾಜು ಫೋನು ಕಿತ್ತುಕೊಂಡು ತಾನೇ ಒತ್ತಿದ. ಹೀಗೆ ನಮ್ಮಿಬ್ಬರಲ್ಲಿ ಮನುಷ್ಯ ಯಾರು ಎಂಬುದು ಸರ್ಕಾರದ ಲೆಕ್ಕದಲ್ಲಿ ತೀರ್ಮಾನವಾಯಿತು.

ಮಾಗಡಿ ಕೋರ್ಟಿನಲ್ಲಿ ಒಬ್ಬ ಮಂಜುನಾಥ ಇದ್ದ. ಕ್ರಿಮಿನಲ್ ಕೇಸು, ಇನ್ನೂ ನಡೆಯುತ್ತಿದೆ. ಒಂದು ಕಡೆ ರಾಜ್ಯ ಸರ್ಕಾರ ಎಂದು ಬರೆದಿತ್ತು, ಇನ್ನೊಂದು ಕಡೆ ಬರೀ ಮಂಜುನಾಥ. ನಮ್ಮೂರ ಜಗಳದಲ್ಲಿ ಇವನು ಅವನ ಮೇಲೆ ಕಂಪ್ಲೇಂಟ್ ಕೊಡುತ್ತಾನೆ, ಅದು ತಿಳಿಯುತ್ತದೆ. ಒಬ್ಬ ಹುಡುಗನ ಮೇಲೆ ಇಡೀ ರಾಜ್ಯವೇ ತಿರುಗಿಬಿದ್ದಿದೆ ಎಂದರೆ ಅವನು ಮಾಡಿರುವುದಾದರೂ ಏನು? ಆ ರಾಜ್ಯದಲ್ಲಿ ನಾನೂ ಇದ್ದೇನಲ್ಲ, ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ! ಪೊಲೀಸಿನವರು ಹಾಕಿದ ಕೇಸೆಲ್ಲ ಹಾಗೇ ಇರುತ್ತದೆ ಎಂದು ನಾಗರಾಜು ಸಮಾಧಾನ ಹೇಳಿದ. ಆಮೇಲೆ ಕಲಮುಗಳ ನಂಬರ್ ನೋಡಿ, ಇದು ಕಳ್ಳತನದ್ದು ಅಂತ ಕಾಣುತ್ತೆ ಭಾವ ಎಂದು ಆ ಸಮಾಧಾನವನ್ನು ವಾಪಸ್ ತೆಗೆದುಕೊಂಡ. ಇವನೇ ಆ ಮಂಜುನಾಥನೋ ಎಂದರೆ ಅದು ಗೊತ್ತಾಗುವಂತಿರಲಿಲ್ಲ. ಅಪ್ಪನ ಹೆಸರಿಲ್ಲ, ಊರಿಲ್ಲ, ಫೋಟೋ ಮೊದಲೇ ಇಲ್ಲ. ಮಾಗಡಿ ಸೀಮೆಯಲ್ಲಿ ಸಂತೆಯ ದಿನ ಮಂಜುನಾಥ ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ.

ಅಂದಿನಿಂದ ನನಗೆ ನೆಲೆಯಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಎಂದು ತಿಳಿಯದು. ತಂತಿ ಸುತ್ತುವಾಗ ಸುತ್ತು ತಪ್ಪಿ ಮತ್ತೆ ಮೊದಲಿನಿಂದ ಬಿಚ್ಚಿದೆ. ಬೀಗರನ್ನೇ ಕೇಳೋಣ ಎಂದರೆ, ನಿಮ್ಮ ಮಗ ಕಳ್ಳನೋ ಎಂದು ಕೇಳಿಸಿಕೊಂಡ ಮೇಲೆ ಯಾರು ಹೆಣ್ಣು ತೆಗೆದುಕೊಳ್ಳುತ್ತಾರೆ? ಕೇಳದೆ ಕೊಟ್ಟರೆ, ನಾಳೆ ಅಳಿಯನನ್ನು ಪೊಲೀಸರು ಎಳೆದುಕೊಂಡು ಹೋದರೆ? ರೂಪಾಳನ್ನು ಕೇಳುವ ಧೈರ್ಯವೂ ಬರಲಿಲ್ಲ. ಜರಡಿ ಹಿಡಿದು ಬಂದವನು ನಾನಲ್ಲವೇ. ಅವಳು ನಗುನಗುತ್ತ ಸೀರೆ ಬಣ್ಣ ಆರಿಸುತ್ತಿದ್ದಳು. ನನಗೆ ಆ ಸೀರೆಗಳ ಮೇಲೆಲ್ಲ ಕಲಮಿನ ನಂಬರ್ ಕಾಣುತ್ತಿತ್ತು.

ಆಗ ಹೊಳೆಯಿತು. ಫೋನಿನಲ್ಲಿ ಕೇಸಿನ ಮುಂದಿನ ವಾಯಿದೆಯೂ ಇತ್ತು. ಆ ದಿನ ಹೋಗಿ ಕೋರ್ಟಿನಲ್ಲಿ ಕುಳಿತರೆ ಆಯಿತು. ಜವಾನ ಮಂಜುನಾಥ ಎಂದು ಕೂಗುತ್ತಾನೆ. ಯಾರು ಎದ್ದು ನಿಲ್ಲುತ್ತಾರೋ ಅವನೇ. ಯಾರನ್ನೂ ಕೇಳಬೇಕಾಗಿಲ್ಲ, ಹಸು ನೋಡಬೇಕಾಗಿಲ್ಲ. ರಾಮನಗರಕ್ಕೆ ಮೋಟರ್ ಸ್ಪೇರ್ ತರಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ, ರಾಮನಗರದಲ್ಲಿ ಇಳಿದು ಮಾಗಡಿ ಬಸ್ಸು ಹತ್ತಿದೆ.

ಕೋರ್ಟಿನ ಹಾಲಿನಲ್ಲಿ ಕಡೆಯ ಬೆಂಚಿನ ಮೂಲೆ ಹಿಡಿದೆ. ತಪ್ಪು ಮಾಡದವನು ಅಲ್ಲಿ ಹೇಗೆ ಕೂರಬೇಕು ಎಂದು ನನಗೆ ಗೊತ್ತಿರಲಿಲ್ಲ. ಕಾಲ ಮೇಲೆ ಕಾಲು ಹಾಕಿದೆ. ಕಾನ್‌ಸ್ಟೇಬಲ್ ಬಂದು ಇಳಿಸಿ ಎಂದ. ಫೋನು ಮುಟ್ಟಿದೆ, ಒಳಗಿಡಿ ಎಂದ. ಒಂದೊಂದು ಹೆಸರು ಕೂಗಿದಾಗಲೂ ನಾನು ಅರ್ಧ ಏಳುತ್ತಿದ್ದದ್ದು ನೋಡಿ, ನಿಂದು ಯಾವ ಕೇಸಪ್ಪ ಎಂದು ಕೇಳಿದ. ಸುಮ್ಮನೆ ಬಂದೆ ಎಂದೆ. ಸುಮ್ಮನೆ ಕೋರ್ಟಿಗೆ ಬಂದವನನ್ನು ಅವನು ಆವತ್ತೇ ಮೊದಲು ನೋಡಿದ್ದು ಎಂದು ಕಾಣುತ್ತದೆ, ಆಮೇಲೆ ನನ್ನ ಮೇಲಿನ ಕಣ್ಣು ತೆಗೆಯಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಜವಾನ ಬಾಗಿಲಲ್ಲಿ ನಿಂತು ಮಂಜುನಾಥ, ಮಂಜುನಾಥ, ಮಂಜುನಾಥ ಎಂದು ಕೂಗಿದ. ನಾನು ಕತ್ತು ಚಾಚಿದೆ. ಬಿಳಿ ಗಿರಿಜಾ ಮೀಸೆಯ ಮುದುಕರೊಬ್ಬರು ಕೋಲೂರಿಕೊಂಡು ನಿಧಾನಕ್ಕೆ ಬಂದು ಕೈ ಮುಗಿದು ನಿಂತರು. ಪಕ್ಕದವನು ಪಿಸುಗುಟ್ಟಿದ: ಬದುವಿನ ಮೇಲಿನ ತೆಂಗಿನಮರ, ಪಕ್ಕದ ಹೊಲದವನು ನಂದು ಅಂತಾನೆ, ಇವರು ನಂದು ಅಂತಾರೆ, ಕಾಯಿ ಕಿತ್ತಿದ್ದಕ್ಕೆ ಕಳ್ಳತನದ ಕೇಸು. ಆ ಮುದುಕರ ಕಾಲಿಗೆ ಬೀಳಬೇಕು ಅನ್ನಿಸಿತು. ಕಾನ್‌ಸ್ಟೇಬಲ್ ನೋಡುತ್ತಿದ್ದರಿಂದ ಬೀಳಲಿಲ್ಲ.

ಹಗುರವಾಗಿ ಹೊರಗೆ ಬಂದೆ. ಗೇಟಿನಲ್ಲಿ ಎದುರಿಗೇ ಪುಟ್ಟಸ್ವಾಮಿ.

"ಏನ್ ಬೀಗ್ರೇ, ಕೋರ್ಟ್ ತಾವ?" ಎಂದರು.

ನಿಮ್ಮ ಮಗ ಕಳ್ಳನೋ ಅಲ್ಲವೋ ನೋಡಲು ಬಂದಿದ್ದೆ ಎನ್ನಲಾದೀತೇ? ಒಂದು ಸಾಕ್ಷಿ ಹೇಳುವುದಿತ್ತು ಎಂದೆ. ಯಾರದು ಎಂದರು. ಗಿರಾಕಿಯೊಬ್ಬರ ಮೋಟರ್ ಕಳವಾಗಿತ್ತು ಎಂದೆ. ಚನ್ನಪಟ್ಟಣದ ಮೋಟರಿಗೆ ಮಾಗಡಿ ಕೋರ್ಟಾ ಎಂದರು. ಬಸ್ಸು ಹೊರಟಿತು ಎಂದು, ನಿಂತೇ ಇದ್ದ ಬಸ್ಸಿಗೆ ಓಡಿ ಹತ್ತಿ, ಅದು ಹೊರಡುವವರೆಗೂ ಅವರಿಗೆ ಕಾಣುವಂತೆ ಕಿಟಕಿಯಲ್ಲಿ ಕುಳಿತಿದ್ದೆ.

ವಿಷಯ ಕೇಳಿದ ನಾಗರಾಜು ನನ್ನ ಹೆಸರನ್ನು ಮಾಗಡಿ ಕೋರ್ಟಿಗೆ ಹಾಕಿ ನೋಡಿದ. ಅಲ್ಲೊಬ್ಬ ಕೆಂಪಣ್ಣ ಸಿಕ್ಕಿದ. ಹೊಡೆದಾಟದ ಆರೋಪಿ. ಅಪ್ಪನ ಹೆಸರಿಲ್ಲ, ಊರಿಲ್ಲ, ಫೋಟೋ ಇಲ್ಲ. ಬೀಗರೂ ಇದನ್ನು ನೋಡದೆ ಇರುತ್ತಾರೆಯೇ? ನೋಡಿದರೆ ಆ ಕೆಂಪಣ್ಣ ನಾನಲ್ಲ ಎಂದು ಹೇಗೆ ನಂಬುತ್ತಾರೆ? ಕೋರ್ಟಿನ ಗೇಟಿನಲ್ಲಿ ಕಣ್ಣಾರೆ ಕಂಡಿದ್ದಾರೆ. ಅಪ್ಪ ರೌಡಿಯಾದ ಮನೆಯಿಂದ ಯಾರು ಹೆಣ್ಣು ತರುತ್ತಾರೆ? ದಿನವೂ ಎರಡು ಹೊತ್ತು ಫೋನ್ ಮಾಡುತ್ತಿದ್ದ ಬೀಗರು ಆಮೇಲೆ ಫೋನ್ ಮಾಡಲಿಲ್ಲ. ಹಿತ್ತಲಿಗೆ ಹೋಗುತ್ತಿದ್ದ ರೂಪಾ ಬೇಗ ಬೇಗ ಒಳಗೆ ಬರತೊಡಗಿದಳು. ಒಂದು ಬೆಳಗ್ಗೆ ಅಂಗಡಿಗೇ ಬಂದು, "ಅವರಪ್ಪ ಯಾಕೋ ಮಂಕಾಗವ್ರಂತೆ. ನೀನೇನ್ ಮಾಡಿದ್ಯಪ್ಪ?" ಎಂದಳು.

ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡು, "ಹೋಗಿ ನಿಜ ಹೇಳ್ಬುಡು. ಬುಟ್ರೆ ಬುಡ್ಲಿ. ಸುಳ್ಳಿನ್ ಮೇಲೆ ಆ ಮನೆಗೆ ನಾನು ಹೋಗಕಿಲ್ಲ" ಎಂದಳು.

ಹೋದೆ. ಪುಟ್ಟಸ್ವಾಮಿ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದರು. ನಿಂತಲ್ಲೇ ಹೇಳಿಬಿಟ್ಟೆ: ಫೋನು, ಮುದುಕರು, ಮೋಟರಿನ ಸುಳ್ಳು, ಎಲ್ಲ. ಅವರು ಸೊಪ್ಪು ಕೆಳಗಿಟ್ಟು ಕೈ ಒರೆಸಿಕೊಂಡರು. ಸಂಬಂಧ ಮುರಿಯಿತು ಎಂದುಕೊಂಡೆ.

"ಅಲ್ಲ ಬೀಗ್ರೇ," ಎಂದರು, "ನಾನ್ಯಾಕೆ ಆವತ್ತು ಅಲ್ಲಿಗೆ ಬಂದಿದ್ದೆ ಅಂತ ನೀವು ಕೇಳ್ಲೇ ಇಲ್ವಲ್ಲ."

ಅವರು ಮೊದಲೇ ನನ್ನ ಹೆಸರನ್ನು ಚನ್ನಪಟ್ಟಣದ ಕೋರ್ಟಿನಲ್ಲಿ ಹುಡುಕಿದ್ದರಂತೆ. ಏನೂ ಸಿಕ್ಕಿರಲಿಲ್ಲ. ಕೈಯಲ್ಲಿ ಫೋನಿತ್ತು, ಇರಲಿ ಎಂದು ಮಗನದ್ದೂ ಹಾಕಿದ್ದರು. ಮಂಜುನಾಥ, ಕಳ್ಳತನ, ಮಾಗಡಿ. ಅಲ್ಲಿಂದ ಅವರಿಗೂ ಊಟ ಸೇರಿರಲಿಲ್ಲ. ಮಗನನ್ನು ಕೇಳಲು ಬಾಯಿ ಬಂದಿರಲಿಲ್ಲ. ಯಾರು ಎದ್ದು ನಿಲ್ಲುತ್ತಾರೆ ನೋಡೋಣ ಎಂದು ಅವರೂ ಅದೇ ವಾಯಿದೆಗೆ ಬಂದು, ಒಳಗೆ ಬರಲು ಧೈರ್ಯ ಸಾಲದೆ ಗೇಟಿನಲ್ಲೇ ನಿಂತಿದ್ದರು. ನನ್ನನ್ನು ನೋಡಿದ ಮೇಲೆ ಹೊಡೆದಾಟದ ಕೆಂಪಣ್ಣನೂ ಅವರಿಗೆ ಸಿಕ್ಕಿದ್ದ. ಒಂದು ಕಡೆ ಕಳ್ಳ ಮಗ, ಇನ್ನೊಂದು ಕಡೆ ರೌಡಿ ಬೀಗ. ಇನ್ನು ಯಾವ ಬಾಯಿಂದ ಫೋನ್ ಮಾಡುವುದು?

"ಗಿರಿಜಾ ಮೀಸೆ ಮುದುಕನಾ? ದಿಟವಾಗ್ಲೂ?" ಎಂದು ಮತ್ತೆ ಮತ್ತೆ ಕೇಳಿದರು. ನಾನು ಕೋಲು ಊರಿ ನಡೆದು ತೋರಿಸಿದೆ. ಅವರು ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡು, ಒಳಗೆ ಕೂಗಿ ಕಾಫಿ ಮಾಡಿಸಿದರು. ಹುಡುಗನಿಗೆ ಈ ವಿಷಯ ಎಂದೂ ಗೊತ್ತಾಗಬಾರದು, ಇನ್ನು ಮೇಲೆ ನಾವಿಬ್ಬರೂ ಫೋನಿನಲ್ಲಿ ಯಾರನ್ನೂ ಹುಡುಕಬಾರದು ಎಂದು ಕೈ ಮೇಲೆ ಕೈ ಹಾಕಿ ಮಾತಾಯಿತು. ಹುಡುಗನಿಗೆ ರೂಪಾ ಅಷ್ಟರಲ್ಲಿ ಎಲ್ಲ ಹೇಳಿಯಾಗಿತ್ತು ಎಂಬುದು ನಿಶ್ಚಿತಾರ್ಥದ ದಿನ, ಅವನು ನನ್ನ ಕಾಲು ಮುಟ್ಟಿ ಎದ್ದು, "ಮಾವ, ಕೋರ್ಟಿಗೆ ಯಾಕೆ ಹೋದ್ರಿ? ನಮ್ಮೂರಲ್ಲಿ ಆ ಸೀಮೆಹಸು ಇನ್ನೂ ಐತೆ" ಎಂದಾಗ ಗೊತ್ತಾಯಿತು. ಹಸುವಿನ ನೆಪ ಅವನಿಗೆ ಮೊದಲಿಂದಲೂ ತಿಳಿದಿತ್ತಂತೆ.

ಆದರೆ ನಾನು ಹೇಳಹೊರಟದ್ದು ಅದಲ್ಲ. ಬೀಗರ ಕೈ ಮೇಲೆ ಕೈ ಹಾಕಿ ಬಂದೆನಲ್ಲ, ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮನಸ್ಸು ತಣ್ಣಗಿತ್ತು. ಕೈಯಲ್ಲಿ ಕೆಲಸವಿರಲಿಲ್ಲ. ಆ ಕುಣಿಯುವ ಅಕ್ಷರಗಳ ಮುಂದೆ ಒಂದು ಸಲವಾದರೂ ಗೆಲ್ಲಬೇಕಲ್ಲ ಎಂದು ಮಾತ್ರ ಫೋನು ತೆಗೆದೆ. ಏನಾದರೊಂದು ಹೆಸರು ಹಾಕಬೇಕಲ್ಲ, ಪುಟ್ಟಸ್ವಾಮಿ ಎಂದು ಹಾಕಿದೆ. ಅಕ್ಷರಗಳು ಮೊದಲ ಸಲಕ್ಕೇ ಸರಿಯಾದವು. ನನಗೆ ಎಷ್ಟು ಸಂತೋಷವಾಯಿತು ಎಂದರೆ ಕೆಳಗೆ ಏನು ಬಂದಿದೆ ಎಂದು ನೋಡಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ನೋಡಿದೆ. ಮಾಗಡಿ ಕೋರ್ಟಿನಲ್ಲಿ ಪುಟ್ಟಸ್ವಾಮಿ ಒಬ್ಬ ಇದ್ದಾನೆ. ಕಲಮು ಏನೆಂದು ತಿಳಿಯಲಿಲ್ಲ. ವಾಯಿದೆ ಬರುವ ಸೋಮವಾರ. ಸೋಮವಾರ ಅಂಗಡಿಯಲ್ಲಿ ಅಂಥ ಕೆಲಸವೇನೂ ಇರುವುದಿಲ್ಲ.