ಹದಿಮೂರಕ್ಕೂ ಹದಿನೈದಕ್ಕೂ ನಡುವಿನ ಗೇರು

ಕೆಲವರಿಗೆ ಯಾವ ವಿಷಯದಲ್ಲೂ ಅಭಿಪ್ರಾಯವೇ ಇರುವುದಿಲ್ಲ. ಅವರು ಪುಣ್ಯವಂತರು. ಇನ್ನು ಕೆಲವರಿಗೆ ಪ್ರತಿಯೊಂದರಲ್ಲೂ ಒಂದು ಗಟ್ಟಿ ಅಭಿಪ್ರಾಯವಿರುತ್ತದೆ. ಅಕ್ಕಪಕ್ಕದವರ ಪಾಡು ಏನಾದರೂ ಆಗಲಿ, ಅವರೂ ಸುಖವಾಗಿಯೇ ಇರುತ್ತಾರೆ. ನಾನು ಈ ಎರಡು ಪಂಗಡಕ್ಕೂ ಸೇರದವನು. ನನಗೆ ಪ್ರತಿ ವಿಷಯದಲ್ಲೂ ಎರಡೆರಡು ಅಭಿಪ್ರಾಯಗಳಿರುತ್ತವೆ; ಎರಡೂ ಒಂದೇ ತೂಕದವು, ಒಂದು ಇನ್ನೊಂದಕ್ಕೆ ಸೋಲುವುದಿಲ್ಲ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಹೋಗುವ ಹೋಟೆಲಿನ ಸಪ್ಲೈಯರು ಏನು ಬೇಕೆಂದು ನನ್ನನ್ನು ಕೇಳುವುದನ್ನೇ ಬಿಟ್ಟು ಎಷ್ಟೋ ವರ್ಷವಾಯಿತು. ತನಗೆ ತೋಚಿದ್ದನ್ನು ತಂದಿಡುತ್ತಾನೆ. ನಾನು ತಿಂದು ಬರುತ್ತೇನೆ.

ಇಂಥವನು ಇಪ್ಪತ್ತಾರು ವರ್ಷಗಳಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಾನೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಆದರೆ ಗಣಿತ ಹೇಳಿಕೊಡಲು ಅಭಿಪ್ರಾಯ ಬೇಕಾಗಿಲ್ಲ. ಉತ್ತರ ಪುಸ್ತಕದ ಕೊನೆಯಲ್ಲಿ ಇರುತ್ತದೆ. ನನಗೆ ತೊಂದರೆ ಬಂದದ್ದೆಲ್ಲ ಉತ್ತರ ಅಚ್ಚು ಹಾಕದೆ ಬಿಟ್ಟ ಪ್ರಶ್ನೆಗಳಿಂದ. ಅಂಥದೊಂದನ್ನು ಹೋದ ಆಷಾಢದಲ್ಲಿ ನನ್ನ ಹೆಂಡತಿ ಸುನಂದಾ ಕೇಳಿದಳು.

ಸುನಂದಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಎರಡು ವರ್ಷದ ಹಿಂದೆ ಅವಳ ಚಿಕ್ಕಪ್ಪನ ಮಗ ಶಿವಣ್ಣ ಹೊಸ ಸೈಕಲ್ ಕೊಂಡಾಗ ಹಳೆಯದನ್ನು ಇವಳಿಗೆ ಕೊಟ್ಟ. ಶಿವಣ್ಣ ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾನೆ. ವಾರಕ್ಕೊಮ್ಮೆ ಹತ್ತು ಹನ್ನೆರಡು ಜನರ ಗುಂಪು ಕಟ್ಟಿಕೊಂಡು ಊರೂರು ಸೈಕಲ್ ಸುತ್ತುತ್ತಾನೆ. ಅವನು ಕೊಟ್ಟ ಸೈಕಲ್ಲಿನ ಟೈರು ನನ್ನ ಹೆಬ್ಬೆರಳಿನಷ್ಟು ದಪ್ಪ, ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಬಗ್ಗಿದ್ದು. ಹಿಂದೆ ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ಗೋಡೆಗೆ ಒರಗಿಸಬೇಕು. ಇದರ ಮೇಲೆ ನಲವತ್ತೆಂಟರ ಹೆಂಗಸು ಏನು ಹೋಗುತ್ತಾಳೆ ಎಂದುಕೊಂಡೆ. ಅವಳು ಹೋದಳು. ಮೊದಲು ಸೇತುವೆಯವರೆಗೆ, ಆಮೇಲೆ ಹಾಸನದ ರಸ್ತೆಯಲ್ಲಿ ಐದು ಕಿಲೋಮೀಟರು, ಆಮೇಲೆ ಹತ್ತು. ಮೊದಮೊದಲು "ನರ್ಸಮ್ಮ ಸೈಕಲ್ ಕಲ್ತವ್ರಂತೆ ಕಣ" ಎಂದು ನಿಂತು ನೋಡುತ್ತಿದ್ದ ಬೀದಿಯವರು ಈಗ ಅವಳು ಹೊರಟರೆ ಆರು ಗಂಟೆಯಾಯಿತೆಂದು ಹಾಲಿಗೆ ಹೋಗುತ್ತಾರೆ.

ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಕೂತಿದ್ದವಳು, "ಏನ್ರೀ, ಹಿಂದಿನ ಗೇರು ಸಾಲ್ತಾ ಇಲ್ಲ. ಎಂಟಿದೆ. ಹನ್ನೊಂದು ಹಾಕಿಸಿದ್ರೆ ಉಪಯೋಗ ಆಗತ್ತಾ, ನೋಡಿ ಹೇಳಿ" ಎಂದಳು.

ನಾನು ಅವತ್ತಿನವರೆಗೆ ಆ ಸೈಕಲ್ಲಿಗೆ ಎಷ್ಟು ಗೇರಿದೆ ಎಂದು ನೋಡಿದವನಲ್ಲ. ಎಂಟಿರುವಾಗ ಸಾಲದು ಎಂದರೆ ಏನರ್ಥ? ನಮ್ಮ ಸ್ಕೂಟರಿಗೆ ಒಂದೂ ಇಲ್ಲ, ಅದು ಇಬ್ಬರನ್ನೂ ಒಂದು ಮೂಟೆ ಅಕ್ಕಿಯನ್ನೂ ಎಳೆಯುತ್ತದೆ. ಇದನ್ನು ಹೇಳಿದೆ. ಹೇಳಬಾರದಿತ್ತು.

"ಸ್ಕೂಟರಿಗೆ ಪೆಟ್ರೋಲ್ ಹಾಕ್ತೀರಿ. ಇದಕ್ಕೆ ನನ್ನ ಕಾಲು" ಎಂದಳು ಸುನಂದಾ. "ಒಂದು ಗೇರಿಗೆ ಹಾಕಿದ್ರೆ ಕಾಲು ಸುಮ್ನೆ ಗಿರಗಿರ ತಿರುಗತ್ತೆ. ಪಕ್ಕದ್ದಕ್ಕೆ ಹಾಕಿದ್ರೆ ಭಾರ, ತೊಡೆ ಹಿಡ್ಕೊಳತ್ತೆ. ನನಗೆ ಬೇಕಾಗಿರೋದು ಎರಡರ ಮಧ್ಯದ್ದು. ಅದು ಈ ಸೈಕಲ್ಲಲ್ಲಿ ಇಲ್ಲ."

ಇರುವುದನ್ನು ಎಣಿಸಿದರೆ ಗೊತ್ತಾಗುತ್ತದೆ ಎಂದು ಸೈಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ಹಿಂಚಕ್ರದ ನಡುವೆ ಎಂಟು ಹಲ್ಲುಚಕ್ರಗಳು, ಚಿಕ್ಕದರಿಂದ ದೊಡ್ಡದಕ್ಕೆ ಮೆಟ್ಟಿಲಿನ ಹಾಗೆ ಜೋಡಿಸಿವೆ. ಚೈನು ದೊಡ್ಡದರ ಮೇಲಿದ್ದರೆ ತುಳಿತ ಹಗುರ, ದಿನ್ನೆ ಹತ್ತಬಹುದು. ಚಿಕ್ಕದರ ಮೇಲಿದ್ದರೆ ಭಾರ, ಆದರೆ ವೇಗ ಹೆಚ್ಚು. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸುತ್ತಾ ಹೋದೆ. ಹನ್ನೊಂದು, ಹದಿಮೂರು, ಹದಿನೈದು, ಹದಿನೇಳು, ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ನಾಲ್ಕು, ಇಪ್ಪತ್ತೆಂಟು. ಮುಗಿಯುವ ಹೊತ್ತಿಗೆ ನನ್ನ ಹತ್ತು ಬೆರಳೂ ಮೂಗಿನ ತುದಿಯೂ ಕಪ್ಪಾಗಿದ್ದವು. ಹನ್ನೊಂದು ಗೇರಿನ ಲೆಕ್ಕವನ್ನು ಶಿವಣ್ಣ ಫೋನಿನಲ್ಲಿ ಹೇಳಿದ. ಅದರಲ್ಲೂ ಚಿಕ್ಕದು ಹನ್ನೊಂದು ಹಲ್ಲು, ದೊಡ್ಡದು ಇಪ್ಪತ್ತೆಂಟೇ. ಒಳಗೆ ಹನ್ನೆರಡು, ಹದಿನಾಲ್ಕು ಹೊಸದಾಗಿ ಸೇರಿವೆ; ಇಪ್ಪತ್ನಾಲ್ಕು ಹೋಗಿ ಆ ಜಾಗಕ್ಕೆ ಇಪ್ಪತ್ತಮೂರು, ಇಪ್ಪತ್ತೈದು ಬಂದಿವೆ. ಒಟ್ಟು ಮೂರು ಹೆಚ್ಚು.

ಎರಡು ಹಾಳೆ ಲೆಕ್ಕ ಮಾಡಿ, ಕೆಳಗೆ ಗೆರೆ ಎಳೆದು, ನನ್ನ ಬದುಕಿನಲ್ಲಿ ಅಪರೂಪವಾಗಿ ಒಂದೇ ಒಂದು ಅಭಿಪ್ರಾಯಕ್ಕೆ ಬಂದೆ. "ಸುನಂದಾ, ಅದರ ದೊಡ್ಡದೂ ಇದೇ, ಚಿಕ್ಕದೂ ಇದೇ. ಈಗ ಹತ್ತೋಕಾಗದ ದಿನ್ನೆ ಹನ್ನೊಂದು ಹಾಕಿಸಿದ್ರೂ ಹತ್ತೋಕಾಗಲ್ಲ. ಉಪಯೋಗ ಸೊನ್ನೆ" ಎಂದೆ.

ಅವಳು ಹಾಳೆಯನ್ನು ನೋಡಿದಳು, ನನ್ನ ಮೂಗನ್ನು ನೋಡಿದಳು. "ದಿನ್ನೆ ವಿಷಯ ಯಾರು ಕೇಳಿದ್ರು?" ಎಂದು ಎದ್ದು ಹೋದಳು.

ಅಲ್ಲಿಂದ ಎರಡು ದಿನ ಮನೆಯಲ್ಲಿ ಮಾತಿಲ್ಲ. ಅಡುಗೆ ಎಂದಿನಂತೆ ಇತ್ತು, ಬಡಿಸುವಾಗಿನ "ಇನ್ನೊಂಚೂರು ಹಾಕ್ಲಾ" ಮಾತ್ರ ಇರಲಿಲ್ಲ. ಮೂರನೆಯ ದಿನ ನಾನೇ ಸೋತು, ದಿನ್ನೆಯದಲ್ಲದಿದ್ದರೆ ಇನ್ನೆಲ್ಲಿಯದು ತೊಂದರೆ ಎಂದು ಕೇಳಿದೆ. ಆಗ ಅವಳು, ಇಷ್ಟು ದಿನ ಹೇಳದೆ ಇದ್ದದ್ದನ್ನು ಹೇಳಿದಳು. ಶಿವಣ್ಣನ ಗುಂಪು ಹಾಸನದಿಂದ ಬಂದಾಗ ಇವಳು ಹೊಳೆನರಸೀಪುರದಲ್ಲಿ ಸೇರಿಕೊಳ್ಳುತ್ತಾಳೆ. ಎಲ್ಲರೂ ಅರಕಲಗೂಡಿಗೆ ಹೋಗಿ ತಿಂಡಿ ತಿನ್ನುವುದು ರೂಢಿ. ದಿನ್ನೆಯಲ್ಲಿ ಇವಳು ಯಾರಿಗೂ ಕಡಿಮೆಯಿಲ್ಲ. ಸಮರಸ್ತೆಯಲ್ಲಿ ಎದುರುಗಾಳಿ ಬೀಸುವಾಗ ಎಲ್ಲರೂ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಒಂದೇ ವೇಗದಲ್ಲಿ ಹೋಗುತ್ತಾರಲ್ಲ, ಅಲ್ಲಿ ಇವಳ ಹದಿನೈದು ಹಲ್ಲಿನ ಗೇರು ಅವರಿಗಿಂತ ನಿಧಾನ, ಹದಿಮೂರರದು ಕಾಲು ಮುರಿಯುವಷ್ಟು ಭಾರ. ಒಂದು ಮಾರು ಹಿಂದೆ ಬಿದ್ದರೆ ಗಾಳಿ ಎದೆಗೆ ಹೊಡೆಯುತ್ತದೆ, ಆಮೇಲೆ ಸೇರಿಕೊಳ್ಳಲು ಆಗುವುದಿಲ್ಲ.

"ಹೋದ ಸಲ ನಾನು ಹೋಟೆಲಿಗೆ ಹೋಗೋಷ್ಟೊತ್ತಿಗೆ ಎಲ್ಲರ ತಿಂಡಿ ಮುಗಿದಿತ್ತು. ನಾನು ಇಡ್ಲಿ ತಿಂತಾ ಇದ್ರೆ ಅವರೆಲ್ಲ ಹೆಲ್ಮೆಟ್ ಹಾಕ್ಕೊಂಡು ನಿಂತಿದ್ರು. 'ನಿಧಾನಕ್ಕೆ ತಿನ್ನಿ ಮೇಡಂ' ಅಂತಾರೆ. ಹಂಗಂದ್ರೆ ನಿಧಾನಕ್ಕೆ ತಿನ್ನೋಕಾಗತ್ತೇನ್ರೀ? ಅರ್ಧ ಬಿಟ್ಟು ಎದ್ದೆ."

ಅರ್ಧ ಬಿಟ್ಟ ಇಡ್ಲಿಯನ್ನು ಯಾವ ಸೂತ್ರಕ್ಕೆ ಹಾಕುವುದು? ನನ್ನ ಒಂದೇ ಒಂದು ಅಭಿಪ್ರಾಯ ಅಲ್ಲೇ ಎರಡಾಯಿತು.

ಶನಿವಾರ ಮಧ್ಯಾಹ್ನ ಸೈಕಲ್ಲನ್ನು ಹಾಸನದ ಮೆಕ್ಯಾನಿಕ್ ಒಬ್ಬನ ಹತ್ತಿರ ಒಯ್ದೆವು. ಒಂದು ಹಲ್ಲುಚಕ್ರದ ಗೊಂಚಲು ಬಿಚ್ಚಿ ಇನ್ನೊಂದು ಹಾಕುವುದು ಬಲ್ಬು ಬದಲಾಯಿಸಿದಷ್ಟೇ ಕೆಲಸ ಎಂದು ನಾನು ತಿಳಿದಿದ್ದೆ. ಅವನು ನಕ್ಕ. "ಬರೀ ಅದನ್ನ ಹಾಕಿದ್ರಾಗಲ್ಲ ಸಾ. ಚೈನ್ ಸಣ್ಣದು ಬೇಕು. ಹ್ಯಾಂಡಲ್ ಹತ್ರ ಇರೋ ಲಿವರ್ ಬೇರೆ ಬೇಕು. ಹಿಂದ್ಗಡೆ ಚೈನ್ ಎಳಿಯೋದೂ ಬೇರೆ. ಈ ಚಕ್ರಕ್ಕೆ ಕೂರಲ್ಲ, ಅದನ್ನೂ ಬದಲಾಯಿಸ್ಬೇಕು."

"ಹಾಗಾದ್ರೆ ಹಳೇದರಲ್ಲಿ ಉಳಿಯೋದು ಏನಪ್ಪಾ?"

ಅವನು ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿ ಪ್ರಾಮಾಣಿಕವಾಗಿ, "ಸೀಟು ಚೆನ್ನಾಗದೆ ಸಾ" ಎಂದ.

ನಾನು ತಲೆ ಮೇಲೆ ಕೈ ಹೊತ್ತೆ. ಆಗ ಸುನಂದಾ, "ಕಾಗದದ ಮೇಲೆ ಲೆಕ್ಕ ಹಾಕಿದ್ದು ಸಾಕು. ನೀವೇ ಒಂದು ಸಲ ತುಳಿದು ನೋಡಿ. ಆಮೇಲೆ ಏನು ಹೇಳ್ತೀರೋ ಹೇಳಿ, ಕೇಳ್ತೀನಿ" ಎಂದಳು. ಶಿವಣ್ಣನ ಹೊಸ ಸೈಕಲ್ಲಿನ ಹಿಂದೆ ಹನ್ನೆರಡು ಗೇರು. ಮರುದಿನ ಭಾನುವಾರ ಎರಡನ್ನೂ ಅವನ ಕಾರಿಗೆ ಕಟ್ಟಿಕೊಂಡು ಅರಕಲಗೂಡಿಗೆ ಹೋದೆವು. ಮಲ್ಲಿಪಟ್ಟಣದ ರಸ್ತೆಯಲ್ಲಿ ನಾನು ಆರು ಕಿಲೋಮೀಟರು ಎಂಟು ಗೇರಿನದರಲ್ಲಿ ಹೋಗುವುದು, ಶಿವಣ್ಣ ಹನ್ನೆರಡರದರಲ್ಲಿ. ಅಲ್ಲಿ ಅದಲು ಬದಲು ಮಾಡಿಕೊಂಡು ಬರುವುದು. ಸುನಂದಾ ಫ್ಲಾಸ್ಕು ಹಿಡಿದು ಕಾರಿನ ಹತ್ತಿರ ಕೂತಳು. ವಿಜ್ಞಾನದ ಪ್ರಯೋಗಕ್ಕೆ ಹೋಗುವಾಗ ಶುಭ್ರವಾಗಿರಬೇಕೆಂದು ನಾನು ಬಿಳಿ ಶರ್ಟು ಹಾಕಿದ್ದೆ.

ಆಷಾಢದ ಗಾಳಿ ಎದುರಿಗೆ ನುಗ್ಗಿ ಬರುತ್ತಿತ್ತು. ಶಿವಣ್ಣ ಎರಡು ನಿಮಿಷದಲ್ಲಿ ಕಣ್ಮರೆಯಾದ. ಬಲಗೈಯ ದೊಡ್ಡ ಲಿವರ್ ಒತ್ತಿದರೆ ಹಗುರ, ಅದರ ಹಿಂದಿನ ಚಿಕ್ಕದನ್ನು ಒತ್ತಿದರೆ ಭಾರ ಎಂದು ಹೇಳಿಕೊಟ್ಟಿದ್ದರು. ತುಳಿಯಲು ಶುರು ಮಾಡಿದ ಮೇಲೆ ಯಾವುದು ಯಾವುದೆಂದು ಮರೆಯಿತು. ಒಂದನ್ನು ಒತ್ತಿದೆ, ಕಾಲು ಗಾಳಿಯಲ್ಲಿ ತುಳಿದ ಹಾಗೆ ತಿರುಗಿತು. ಇನ್ನೊಂದನ್ನು ಒತ್ತಿದೆ, ಬಾವಿಯಿಂದ ಕಲ್ಲು ಎತ್ತಿದ ಹಾಗಾಯಿತು. ಸಿಟ್ಟಿನಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದೆ. ಕಟಕಟ ಎಂದು ಸದ್ದಾಗಿ ಚೈನು ಕಳಚಿಬಿತ್ತು.

ಶುಂಠಿ ಹೊಲದ ಬದುವಿನ ಪಕ್ಕ ಕೂತು ಚೈನಿನ ಜೊತೆ ಗುದ್ದಾಡುತ್ತಿದ್ದಾಗ, ಹಸಿ ಹುಲ್ಲಿನ ಹೊರೆ ಕಟ್ಟಿದ ಹಳೆಯ ಸೈಕಲ್ಲಿನಲ್ಲಿ ಯಜಮಾನರೊಬ್ಬರು ಬಂದು ಇಳಿದರು.

"ಏನ್ ಸಾ, ಚೈನ್ ಬಿತ್ತಾ?"

"ಹೂಂ ಯಜಮಾನ್ರೇ. ಹತ್ತಿಸೋಕೆ ಬರ್ತಿಲ್ಲ."

ಅವರು ಬಗ್ಗಿ ಹಿಂಚಕ್ರ ನೋಡಿದರು. "ಇದೇನ್ ಸಾ, ಇಷ್ಟೊಂದು ಹಲ್ಚಕ್ರ? ಎಷ್ಟವೆ ಇವು?"

"ಎಂಟು."

"ಎಂಟ್ರಲ್ಲಿ ಒಂದೂ ಓಡ್ತಿಲ್ವಲ್ಲಾ ಸಾ!"

ಇದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾದ ಮರುಕವಿತ್ತು. "ಹಿಂದ್ಗಡೆ ಎತ್ತಿ ಇಡ್ಕಳಿ" ಎಂದು ನನ್ನ ಕೈಗೆ ಸೈಕಲ್ ಕೊಟ್ಟು, ಒಂದು ಕಡ್ಡಿಯಿಂದ ಚೈನನ್ನು ಎತ್ತಿ, ಕೈಯಿಂದ ಪೆಡಲ್ ಒಂದು ಸುತ್ತು ತಿರುಗಿಸಿದರು. ಚೈನು ಕೂತಿತು. "ನಂದು ಒಂದೇ ಕಣ್ ಸಾ. ತುಳಿಯಾಕಾದ್ರೆ ತುಳಿತೀನಿ, ಆಗ್ದಿದ್ರೆ ಇಳಿದು ತಳ್ಕಂಡೋಯ್ತೀನಿ. ಯೋಚ್ನೆ ಮಾಡೋ ಅಂಗೇ ಇಲ್ಲ" ಎಂದು ಹತ್ತಿ ಹೊರಟರು. ಎಂಟೋ ಹನ್ನೊಂದೋ ಎಂದು ಒದ್ದಾಡುತ್ತಿದ್ದ ನನಗೆ, ಒಂದೇ ಸರಿ ಎಂಬ ಮೂರನೆಯ ಅಭಿಪ್ರಾಯವೂ ಸೇರಿಕೊಂಡಿತು.

ಹೇಗೋ ಆರು ಕಿಲೋಮೀಟರು ಮುಟ್ಟಿದೆ. ಮರದ ಕೆಳಗೆ ಕೂತಿದ್ದ ಶಿವಣ್ಣ ನನ್ನ ಶರ್ಟನ್ನು ನೋಡಿ ಏನೂ ಕೇಳದೆ ತನ್ನ ಸೈಕಲ್ ಕೊಟ್ಟ. ಹನ್ನೆರಡು ಗೇರಿನ ಸೈಕಲ್ ಹತ್ತಿದೆ ನೋಡಿ, ಸ್ವರ್ಗ! ತುಳಿದದ್ದೇ ಗೊತ್ತಾಗಲಿಲ್ಲ. ಹೊಲ, ತೋಟ, ಮೈಲಿಗಲ್ಲು ಎಲ್ಲ ಹಿಂದಕ್ಕೆ ಓಡಿದವು. ಕಾರಿನ ಹತ್ತಿರ ಇಳಿದವನೇ, "ಸುನಂದಾ, ನನ್ನ ಲೆಕ್ಕ ತಪ್ಪು. ಗೇರು ಹೆಚ್ಚಿದ್ದಷ್ಟೂ ಒಳ್ಳೇದು. ಹಕ್ಕಿ ಹಾರಿದಂಗೆ ಬಂದೆ!" ಎಂದೆ.

"ಎಂಟು ಗೇರಿನ ಶಿವಣ್ಣ ಹಕ್ಕಿಗಿಂತ ಮುಂಚೆ ಬಂದು ಕಾಫಿ ಕುಡಿದಾಯ್ತು" ಎಂದಳು. "ಬರೋವಾಗ ಗಾಳಿ ಹಿಂದಿನಿಂದ ನೂಕ್ತಿತ್ತು. ಅದು ಗೊತ್ತಾಗ್ಲಿಲ್ವಾ?"

ಶಿವಣ್ಣ ಲೋಟ ಕೆಳಗಿಟ್ಟು ಸೈಕಲ್ ನೋಡಿದ. "ಭಾವ, ನಾನು ಕೊಟ್ಟಾಗ ಯಾವ ಗೇರಲ್ಲಿತ್ತೋ ಅದ್ರಲ್ಲೇ ಇದೆಯಲ್ಲ. ದಾರೀಲಿ ಒಂದ್ಸಲಾನೂ ಬದಲಾಯಿಸ್ಲಿಲ್ವಾ?"

ಬದಲಾಯಿಸಿರಲಿಲ್ಲ. ಚೈನು ಮತ್ತೆ ಬೀಳುತ್ತದೆಂಬ ಹೆದರಿಕೆಗೆ ಲಿವರಿನ ಹತ್ತಿರ ಬೆರಳು ಒಯ್ದಿರಲಿಲ್ಲ. ಎಂದರೆ ನಾನು ಹನ್ನೆರಡು ಗೇರನ್ನು ಹೊಗಳಿದ್ದು ಒಂದೇ ಗೇರಿನಲ್ಲಿ ಬಂದು, ಅದೂ ಗಾಳಿಯ ಕೃಪೆಯಿಂದ. ಆ ದಿನ ನಾನು ಕಂಡುಕೊಂಡದ್ದು, ನನ್ನ ಪ್ರಯೋಗದಿಂದ ಏನೂ ಕಂಡುಕೊಳ್ಳಲಾಗದು ಎಂಬುದನ್ನು ಮಾತ್ರ.

ಮುಂದಿನ ವಾರ ಸುನಂದಾ ಯಾರನ್ನೂ ಕೇಳದೆ ಹಾಸನಕ್ಕೆ ಹೋಗಿ ಹನ್ನೊಂದು ಹಾಕಿಸಿಕೊಂಡು ಬಂದಳು. ತಿಂಗಳು ಕಳೆದು ಗುಂಪು ಮತ್ತೆ ಈ ಕಡೆ ಬಂದಾಗ ನಾನು ಸ್ಕೂಟರಿನಲ್ಲಿ ದೂರದಿಂದ ಹಿಂಬಾಲಿಸಿದೆ. ಹತ್ತಿರ ಹೋದರೆ ಅವಳಿಗೆ ಸಿಟ್ಟು ಬರುತ್ತದೆ. ಅರಕಲಗೂಡಿನ ಮುಂಚಿನ ಸಮರಸ್ತೆಯಲ್ಲಿ ಗಾಳಿ ಎದ್ದಿತು. ಎಲ್ಲರೂ ಬೆನ್ನು ಬಗ್ಗಿಸಿ ಸಾಲಾದರು. ಸಾಲಿನ ಆರನೆಯ ಬೆನ್ನು ಸುನಂದಾಳದು. ಅದು ಈಗ ಕಳಚುತ್ತದೆ, ಇನ್ನೇನು ಕಳಚುತ್ತದೆ ಎಂದು ನಾನು ನೋಡುತ್ತಲೇ ಇದ್ದೆ. ಕಳಚಲಿಲ್ಲ. ನಾನು ಹೋಟೆಲಿಗೆ ಹೋಗುವ ಹೊತ್ತಿಗೆ ಅವಳು ಗುಂಪಿನ ನಡುವೆ ಕೂತು, ಎರಡನೆಯ ಪ್ಲೇಟ್ ಇಡ್ಲಿಗೆ ಚಟ್ನಿ ಹಾಕಿಸಿಕೊಳ್ಳುತ್ತಿದ್ದಳು. ಸ್ಕೂಟರಿನ ಕನ್ನಡಿ ಒರೆಸುತ್ತಾ ಸ್ವಲ್ಪ ಹೊತ್ತು ಹೊರಗೇ ನಿಂತೆ.

ಆದರೂ ಮೇಷ್ಟ್ರ ಬುದ್ಧಿ ಸುಮ್ಮನಿರುತ್ತದೆಯೇ? ಆ ತಿಂಗಳಲ್ಲಿ ಅವಳು ದಿನವೂ ತುಳಿದು ಕಾಲು ಗಟ್ಟಿ ಮಾಡಿಕೊಂಡಿದ್ದಳು. ಚಕ್ರವೂ ಹೊಸದು. ಗುಂಪಿಗೆ ಇಬ್ಬರು ಹೊಸಬರು ಸೇರಿದ್ದರಿಂದ ಎಲ್ಲರೂ ಕೊಂಚ ನಿಧಾನವಾಗಿಯೇ ಬಂದಿದ್ದರು. ಹಾಗಾದರೆ ಗೆದ್ದದ್ದು ಗೇರೋ, ಕಾಲೋ, ಹೊಸಬರೋ? ಮನೆಗೆ ಬಂದ ಮೇಲೆ ಕೇಳಿದೆ.

"ಗೊತ್ತಿಲ್ಲ ಕಣ್ರಿ" ಎಂದಳು. "ಕಾಲು ಒಂದೇ ಸಮ ತಿರುಗ್ತು. ಇಡ್ಲಿ ಬಿಸಿ ಇತ್ತು."

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಶಿವಣ್ಣ ನನ್ನ ಎರಡು ಹಾಳೆ ಲೆಕ್ಕದ ಫೋಟೋ ತೆಗೆದು ಯಾವುದೋ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ನಾನು ಗೇರಿನ ವಿಷಯ ಬಲ್ಲವನೆಂದು ಹೆಸರಾಯಿತು. ಫೋನುಗಳು ಬರತೊಡಗಿದವು. ಎಂಟು ಗೇರು ಇಟ್ಟುಕೊಂಡವರಿಗೆ ಎಂಟು ಸಾಕು ಎಂದೆ. ಹನ್ನೆರಡು ಕೊಂಡಾದವರಿಗೆ ಹನ್ನೆರಡು ಇರಲೇಬೇಕು ಎಂದೆ. ಎಲ್ಲರಿಗೂ ಸಂತೋಷವಾಯಿತು. ಹೋದ ಭಾನುವಾರ ಚನ್ನರಾಯಪಟ್ಟಣದಿಂದ ಬ್ಯಾಂಕ್ ಉದ್ಯೋಗಿಯೊಬ್ಬರು ಸೈಕಲ್ ಸಮೇತ ಮನೆಗೇ ಬಂದರು. ಅವರದು ಒಂಬತ್ತು ಗೇರು, ಹನ್ನೆರಡಕ್ಕೆ ಹೋಗಬೇಕೋ ಬೇಡವೋ ಎಂದು ಪ್ರಶ್ನೆ. ನಾನು ಹಾಳೆಗಳನ್ನು ಹರವಿ ಮುಕ್ಕಾಲು ಗಂಟೆ ವಿವರಿಸಿದೆ. ಹಲ್ಲು, ಅನುಪಾತ, ಎದುರುಗಾಳಿ, ಮಲ್ಲಿಪಟ್ಟಣದ ಯಜಮಾನರು, ಏನನ್ನೂ ಬಿಡಲಿಲ್ಲ. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ, ಕೊನೆಗೆ ಪೆನ್ನು ಎತ್ತಿ, "ಹಾಗಾದ್ರೆ ಹಾಕಿಸ್ಲೋ ಬೇಡ್ವೋ ಸಾರ್?" ಎಂದರು.

ನಾನು, "ಮೊದಲು ಟೀ ತಗೊಳಿ" ಎಂದೆ.

ಟೀ ತಂದಿಟ್ಟ ಸುನಂದಾ ಅವರನ್ನು ಕೇಳಿದಳು: "ಯಾರ ಜೊತೆ ಓಡಿಸ್ತೀರಿ ನೀವು?"

"ಒಬ್ಬನೇ, ಮೇಡಂ. ಬೆಳಿಗ್ಗೆ ಒಂದು ಗಂಟೆ."

"ಒಬ್ಬರೇ ಆದ್ರೆ ಇರೋದೇ ಸಾಕು. ನಿಮ್ಮ ಕಾಲಿಗೆ ಒಗ್ಗಿದ ವೇಗದಲ್ಲಿ ನೀವು ಹೋಗ್ತೀರಿ. ಇನ್ನೊಬ್ಬರ ವೇಗಕ್ಕೆ ಹೊಂದ್ಕೊಂಡು ಹೋಗೋರಿಗೆ ಮಧ್ಯದ್ದು ಬೇಕಾಗತ್ತೆ" ಎಂದು ಹೇಳಿ ಒಳಗೆ ಹೋದಳು.

ಅವರು ನೋಟ್‌ಬುಕ್ಕಿನಲ್ಲಿ ನನ್ನ ಮುಕ್ಕಾಲು ಗಂಟೆಯ ಕೆಳಗೆ ಒಂದು ಗೆರೆ ಎಳೆದು, ಅದರಡಿಯಲ್ಲಿ ಈ ಮಾತನ್ನು ಬರೆದುಕೊಂಡರು. ಮುಖ ಹಗುರವಾಗಿತ್ತು. ಹೊರಡುವಾಗ ನನಗೂ ಏನಾದರೂ ಹೇಳಬೇಕಲ್ಲ ಎಂದು ಕೈ ಕುಲುಕಿ, "ಟೀ ಬಹಳ ಚೆನ್ನಾಗಿತ್ತು ಸಾರ್" ಎಂದರು.

ಅದನ್ನು ಮಾಡಿದವಳೂ ಅವಳೇ.