ಬಾನೆಟ್ ಮೇಲಿನ ರೊಟ್ಟಿ ಗಂಟು

ಹಾವೇರಿ ಜಿಲ್ಲೆಯಲ್ಲಿ ಹೆದ್ದಾರಿ ನಾಲ್ಕು ಪಥದ್ದು ಆಗಿದ್ದು ನನ್ನಿಂದಲೇ. ದಿಲ್ಲಿಯಿಂದ ಮಂತ್ರಿಗಳು ಬಂದರು, ನನ್ನ ಖಾನಾವಳಿಯಲ್ಲಿ ಕೂತು ಬಿಸಿ ರೊಟ್ಟಿ ತಿಂದರು, "ಇಂಥಾ ರೊಟ್ಟಿ ತಿನ್ನಾಕ ಅಂಥಾ ರಸ್ತೆ ಮ್ಯಾಲೆ ಬರಬೇಕೇನು?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅವರು ಹೋದ ಮೇಲೆ ರೋಲರ್ ಬಂತು!

ಸುಳ್ಳು. ಪೂರಾ ಸುಳ್ಳು. ರಸ್ತೆ ಆಗುವಾಗ ನಾನು ಮೋಟೆಬೆನ್ನೂರು ಕ್ರಾಸಿನಲ್ಲಿ ನಿಂತು ರೋಲರ್ ಹಿಂದಕ್ಕೂ ಮುಂದಕ್ಕೂ ಹೋಗೋದನ್ನು ನೋಡುತ್ತಿದ್ದೆ, ಅಷ್ಟೇ. ಮಂತ್ರಿಗಳು ಕನ್ನಡ ಮಾತಾಡಿದಾಗಲೇ ನಿಮಗೆ ಸಂಶಯ ಬರಬೇಕಿತ್ತು. ಆದರೆ ಇನ್ನು ಮುಂದೆ ಹೇಳೋದೆಲ್ಲ ಖರೇ. ಬಹುತೇಕ ಖರೇ.

ನಮ್ಮ ಕಡೆ ಬಸ್ಸಿನಲ್ಲಿ ಮಂದಿಗಿಂತ ವ್ಯಾಪಾರ ಹೆಚ್ಚು ಓಡಾಡುತ್ತದೆ. ಹಾಗಾಗಿ ಫಜೀತಿಗಳು ಒಂದಿಲ್ಲೊಂದು ನಡೆಯುತ್ತಲೇ ಇರುತ್ತವೆ. ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದರೂ ನನ್ನ ಮೈಮೇಲೇ ಬಂದು ಬೀಳುತ್ತವೆ.

ಆಗ ನನ್ನ ಖಾನಾವಳಿ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಮಾರ್ಕೆಟ್ಟಿನ ಬಾಜೂಕೆ ಇತ್ತು. ಹಮಾಲರು, ರೈತರು, ಲಾರಿ ಡ್ರೈವರುಗಳು ನನ್ನ ಗಿರಾಕಿಗಳು. ಪಲ್ಯ ನನ್ನದು, ರೊಟ್ಟಿ ಅಗಡಿಯಲ್ಲಿದ್ದ ನಮ್ಮ ಅಕ್ಕಂದು. ಅಕ್ಕ ಮತ್ತು ಅವಳ ಓಣಿಯ ಮೂವರು ಹೆಣ್ಣುಮಕ್ಕಳು ನಸುಕಿನಲ್ಲೇ ಒಲೆ ಹೊತ್ತಿಸಿ ರೊಟ್ಟಿ ಬಡಿದು, ಬಿಳಿ ಧೋತರದಲ್ಲಿ ಗಂಟು ಕಟ್ಟಿ, ಮುಂಜಾನೆ ಬಸ್ಸಿಗೆ ಹಾಕುತ್ತಿದ್ದರು. ಆ ಬಸ್ಸು ಅಗಡಿಯಿಂದ ಹಾವೇರಿಗೆ ಬಂದು, ಅಲ್ಲಿಂದ ಬ್ಯಾಡಗಿ ಮುಟ್ಟಿ, ರಾಣೆಬೆನ್ನೂರಿಗೆ ಹೋಗುತ್ತಿತ್ತು. ಗಂಟಿನ ಜಾಗ ಡ್ರೈವರ್ ಪಕ್ಕದ ಬಾನೆಟ್. ಕೆಳಗೆ ಇಂಜಿನ್ ಕುದಿಯುತ್ತಿರುತ್ತದಲ್ಲ, ರೊಟ್ಟಿ ಬ್ಯಾಡಗಿಗೆ ಬಂದಿಳಿದರೂ ಹಂಚಿನಿಂದ ಈಗ ತೆಗೆದಂಗ ಬಿಸಿ! ಬಸ್ಸಿನ ಪುಣ್ಯದಿಂದ ಅಗಡಿಯ ಆ ನಾಲ್ಕು ಒಲೆಗಳೂ ನಡೆದವು, ನನ್ನ ಖಾನಾವಳಿಯೂ ನಡೆಯಿತು. ಬಸ್ಸು ನಿಂತರೆ ಎಲ್ಲಾ ಬಂದ್.

ಗೌಡರ ಮೆತ್ತನೆ ಸೀಟು

ಒಂದು ದಿನ ಅಗಡಿಯಲ್ಲಿ ಒಬ್ಬ ಗೌಡರು ಬಸ್ಸು ಹತ್ತಿದರು. ಆಳು ದೊಡ್ಡವರು, ಮೈಯೂ ದೊಡ್ಡದು. ಸೀಟಿನ ಮೇಲೆಲ್ಲ ಯಾರ್ಯಾರದೋ ಚೀಲ, ಬುಟ್ಟಿ. ಬಾನೆಟ್ ಮೇಲೆ ಬಿಳಿ ಬಟ್ಟೆಯ ಮೆತ್ತನೆ ಗಂಟು ಕಂಡಿತು. ತಮಗೇ ಇಟ್ಟಿದ್ದಾರೆಂದುಕೊಂಡು ಅದರ ಮೇಲೆ ಕೂತುಬಿಟ್ಟರು. ಕೆಳಗಿನಿಂದ ಸಣ್ಣ ಬಿಸಿ, ಮೇಲಿನಿಂದ ಕಿಟಕಿಯ ಗಾಳಿ. ಬ್ಯಾಡಗಿವರೆಗೆ ಸುಖವಾಗಿ ನಿದ್ದೆ ಹೊಡೆದರು. ಎಬ್ಬಿಸುವ ಧೈರ್ಯ ಡ್ರೈವರಿಗೂ ಇಲ್ಲ, ಕಂಡಕ್ಟರಿಗೂ ಇಲ್ಲ.

ಇಳಿಯುವಾಗ ಗೌಡರು, "ಈಗೀಗ ಸರಕಾರದವರು ಸೀಟ ಭಾಳ ಚಲೋ ಮಾಡ್ಯಾರ್ ನೋಡು" ಎಂದು ಹೊಗಳಿ ಹೋದರು.

ನಾನು ಗಂಟು ಬಿಚ್ಚಿದೆ. ರೊಟ್ಟಿಗಳು ಹಾಳೆಯಂತೆ ತೆಳ್ಳಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದೊಂದೇ ಬಿಡಿಸಿ ಹೆದರುತ್ತಾ ಬಡಿಸಿದೆ. ಒಬ್ಬ ಹಮಾಲ ತುತ್ತು ಬಾಯಿಗಿಟ್ಟವನೇ ಕಣ್ಣು ಅಗಲಿಸಿದ.

"ಮಾಲಕ್ರ, ಏನ್ ತೆಳ್ಳಗ ಅದಾವ್ರೀ! ಹೆಂಗ ಬಡದಾರ ಇವನ್ನ?"

"ಅಗಡಿಗೆ ಹೊಸಾ ಮಷೀನ್ ಬಂದೈತಿ" ಎಂದೆ.

ಮರುದಿನ ಎಲ್ಲರದೂ ಒಂದೇ ಹಟ, ಮಷೀನ್ ರೊಟ್ಟಿನೇ ಬೇಕು. ಅಕ್ಕನ ಕೈರೊಟ್ಟಿ ಹಾಕಿದರೆ "ಇದು ದಪ್ಪ ಆತ್ರಿ" ಎಂದು ಮುಖ ಸಿಂಡರಿಸುತ್ತಾರೆ! ಕೊನೆಗೆ ನಾನು ಅಗಡಿಗೇ ಹೋಗಿ, ಗೌಡರ ಕಟ್ಟೆಯ ಮುಂದೆ ಕೈ ಮುಗಿದು ನಿಂತೆ.

"ಗೌಡ್ರ, ನಾಳೆ ಮುಂಜಾನೆ ಮತ್ತ ಬ್ಯಾಡಗಿಗೆ ಬರೋದೈತೇನ್ರಿ?"

ಮೊಳಕೆ ಪರೀಕ್ಷೆ

ಬಾನೆಟ್ ಮೇಲೆ ನಮ್ಮ ಗಂಟು ಒಂದೇ ಇರುತ್ತಿರಲಿಲ್ಲ. ಹಾವೇರಿಯಲ್ಲಿ ಓದುವ ಮಕ್ಕಳ ಬುತ್ತಿ ಡಬ್ಬಿ, ಹೂವಿನ ಬುಟ್ಟಿ, ಯಾರದೋ ಟ್ರಾಕ್ಟರಿನ ಸವೆದ ಭಾಗ, ಎಲ್ಲವೂ ಅಲ್ಲೇ. ಯಾವುದು ಯಾರದು ಅನ್ನೋದು ಕಂಡಕ್ಟರ್ ತಲೆಯೊಳಗೆ. ತಲೆ ಚಲೋನೇ ಇತ್ತು, ಆ ದಿನ ಮಾತ್ರ ಅವನಿಗೆ ನೆಗಡಿ.

ಅಗಡಿಯ ರೈತನೊಬ್ಬ ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಗೆ ಬೀಜ ಬೆಳೆದು ಕೊಡುತ್ತಿದ್ದ. ಮೊಳಕೆ ಬರುತ್ತದೋ ಇಲ್ಲವೋ ಪರೀಕ್ಷೆ ಮಾಡಲಿಕ್ಕೆ ಒಂದಿಷ್ಟು ಬೀಜವನ್ನು ಬಿಳಿ ಬಟ್ಟೆಯಲ್ಲೇ ಕಟ್ಟಿ ಕಳಿಸಿದ್ದ. ಬ್ಯಾಡಗಿಯಲ್ಲಿ ಕಂಡಕ್ಟರ್ ಸೀನುತ್ತಾ ಒಂದು ಗಂಟು ನನ್ನ ಕೈಗೆ ಹಾಕಿದ, ಬಸ್ಸು ಮುಂದೆ ಹೋಯಿತು.

ಊಟದ ಹೊತ್ತಿಗೆ ಖಾನಾವಳಿ ತುಂಬಿತ್ತು. ಎಲ್ಲರ ಮುಂದೆ ತಾಟು, ತಾಟಿನಲ್ಲಿ ಪಲ್ಯ. ನಾನು ಠೀವಿಯಿಂದ ಗಂಟು ಬಿಚ್ಚಿದೆ. ಒಳಗೆ ಹತ್ತಿ ಬೀಜ!

ಮೂಲೆಯಲ್ಲಿದ್ದ ಮುದುಕ ರೈತ ಎದ್ದು ಬಂದು, ನಾಲ್ಕು ಕಾಳು ಅಂಗೈಯಲ್ಲಿ ಹಾಕಿಕೊಂಡು ನೋಡಿದ. "ಮಾಲ್ ಚಲೋ ಐತಿ. ಇದನ್ನ ಬಿತ್ತಿ, ಬೆಳಿ ಬರೂತನಾ ಕುಂದ್ರೂಣೋ, ಪಲ್ಯ ಅಷ್ಟ ನೆಕ್ಕಿ ಹೋಗೂಣೋ?"

ನಾನು ಪಕ್ಕದ ಫೋನ್ ಬೂತಿಗೆ ಓಡಿ ರಾಣೆಬೆನ್ನೂರಿಗೆ ಫೋನ್ ಹಚ್ಚಿದೆ. "ಸಾಹುಕಾರ್ರ, ಅಗಡಿಯಿಂದ ಒಂದು ಗಂಟು ಬಂದೈತೇನ್ರಿ?"

ಆ ಕಡೆಯಿಂದ ಅಂಗಡಿ ಸಾಹುಕಾರರು ದೊಡ್ಡದಾಗಿ ತೇಗಿದ್ದು ಮೊದಲು ಕೇಳಿಸಿತು. ಆಮೇಲೆ ಉತ್ತರ.

"ಬಂದಿತ್ರಿ. ನಾವು ಎಲ್ಲಾರೂ ಕೂಡಿ ಪರೀಕ್ಷಾ ಮಾಡಿದ್ವಿ. ಪಾಸ್ ಆಗ್ಯಾವು. ಒಂದೂ ಉಳಿದಿಲ್ಲ!"

ಟಿಕೀಟು ತಗೊಳ್ಳದ ರೊಟ್ಟಿ

ಹೀಗೆ ಕುಶಾಲಿಯಲ್ಲಿ ನಡೆದಿರುವಾಗ ಒಂದು ಮುಂಜಾನೆ ಕಂಡಕ್ಟರ್ ಮುಖ ಸಣ್ಣದು ಮಾಡಿಕೊಂಡು ಗಂಟು ಕೊಟ್ಟ.

"ಮಾಲಕ್ರ, ಈ ಬಸ್ ಬಂದ್ ಮಾಡ್ತಾರಂತ್ರಿ. ಮಂದಿ ಇಲ್ಲಂತ. ಬರೂ ಗುರುವಾರ ಮ್ಯಾಲಿನವರೊಬ್ಬರು ಹಾವೇರಿಯಾಗ ಹತ್ತಿ, ಎಷ್ಟ ಮಂದಿ ಅದಾರಂತ ನೋಡವರು ಅದಾರ."

"ಮಂದಿ ಇಲ್ಲಂದ್ರ? ಬಸ್ ದಿನಾ ತುಂಬೇ ಬರ್ತೈತಲ್ಲೋ!"

"ತುಂಬಿರ್ತೈತ್ರಿ. ಆದ್ರ ರೊಟ್ಟಿ ಎಲ್ಲಿ ಟಿಕೀಟ್ ತಗೊಂತೈತಿ?"

ನಾನು ಅವತ್ತೇ ಅಗಡಿಗೆ ಹೋದೆ. ಅಕ್ಕ ಒಲೆ ಮುಂದೆ ಕೂತಿದ್ದಳು. ವಿಷಯ ಕೇಳಿ, ಹಿಟ್ಟಿನ ಕೈಯನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡಳು.

"ತಮ್ಮಾ, ನಿನಗೇನು, ಪಲ್ಯದ ಜೋಡಿ ಅನ್ನಾ ಬಡಿಸಿ ಜೀವನಾ ಮಾಡ್ತಿ. ಈ ಮೂವರಿಗೆ ನಾ ಏನ್ ಹೇಳ್ಲಿ? ಒಬ್ಬಾಕಿ ಮಗಳ ಶಾಲಿ ಈ ರೊಟ್ಟಿ ಮ್ಯಾಲೇ ನಡದೈತಿ."

ಅಕ್ಕ ಅತ್ತದ್ದನ್ನು ನಾನು ನೋಡಿದ್ದೇ ಕಡಿಮೆ. ಅವತ್ತೂ ಅಳಲಿಲ್ಲ, ಆದರೆ ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

"ನೀ ಚಿಂತಿ ಬಿಡು" ಎಂದೆ. "ಸುಳ್ಳು ಹೇಳೂ ಕೆಲಸಾ ನನ್ನದು."

ಅವತ್ತಿನಿಂದ ನಾನು ಊರೆಲ್ಲಾ ತಿರುಗಿದೆ. ಹೂವು ಕಳಿಸುವವರಿಗೆ, "ಗುರುವಾರ ಹಾವೇರಿಯಾಗ ದೊಡ್ಡವರ ಮನಿ ನಿಶ್ಚಯ ಐತಿ, ನೀವ ಖುದ್ದ ಬುಟ್ಟಿ ಹೊತ್ತುಕೊಂಡು ಬಂದ್ರ ಹೇಳಿದ ರೇಟು" ಎಂದೆ. ಬುತ್ತಿ ಕಳಿಸುವ ತಾಯಂದಿರಿಗೆ, "ಕಂಡಕ್ಟರ್ ಹರಕಿ ಹೊತ್ತಾನ, ಅವತ್ತ ಡಬ್ಬಿ ಮುಟ್ಟಂಗಿಲ್ಲ" ಎಂದೆ. ಕಟ್ಟೆ ಮೇಲೆ ಕೂರುವ ಹಿರಿಯರಿಗೆ, "ಟಿವಿಯವರು ಬಂದು ಬಸ್ಸಿನ್ಯಾಗಿನ ಮಂದೀನ ತೋರಸ್ತಾರ" ಎಂದೆ. ಅವರಲ್ಲಿ ಇಬ್ಬರು ಅವತ್ತೇ ಹೋಗಿ ದಾಡಿ ಮಾಡಿಸಿಕೊಂಡರು. ಅಕ್ಕ ಮತ್ತು ಆ ಮೂವರಿಗೆ ಮಾತ್ರ ಖರೇ ಹೇಳಿದೆ, "ನೀವೂ ಹತ್ತರಿ, ಟಿಕೀಟ್ ತಗೊಳ್ರಿ."

ಎಲ್ಲಾ ಸುಳ್ಳುಗಳೂ ಫಲ ಕೊಟ್ಟವು. ಒಂದು ಖರೇ ಮಾತೇ ಕೈ ಕೊಟ್ಟಿತು, ಅದನ್ನ ಈಗ ಹೇಳ್ತೀನಿ.

ಜಾಗ ಇಲ್ಲ, ಹಿಂದಿನ ಬಸ್ಸಿಗೆ ಬರ್ರಿ!

ಗುರುವಾರ ಮುಂಜಾನೆ ಅಗಡಿಯಲ್ಲಿ ಬಸ್ಸಿಗೆ ಇನ್ನೂರು ಮಂದಿ ಹತ್ತಿದರು. ನಂಬೋದಿಲ್ಲವೇ? ನೂರೈವತ್ತು ಅನ್ನಿ. ಸರಿ, ನೂರಕ್ಕೆ ಮುಗಿಸೋಣ, ಅದಕ್ಕಿಂತ ಕಡಿಮೆಗೆ ನನಗೆ ಗಿಟ್ಟೋದಿಲ್ಲ. ಬಾನೆಟ್ ಮೇಲೆ ಗಂಟಿನ ಬದಲು ನಾಲ್ಕು ಮಂದಿ ಬೆವರುತ್ತಾ ಕೂತಿದ್ದರು. ಡ್ರೈವರಿಗೆ ಗೇರ್ ಕಾಣಿಸದೆ, "ಯಜಮಾನ್ರ, ಕಾಲ ಸರಸ್ರಿ, ಎರಡನೇ ಗೇರ್ ಹಾಕಬೇಕು" ಎಂದು ಕೇಳಿ ಕೇಳಿ ಹಾಕುತ್ತಿದ್ದ. ಕಂಡಕ್ಟರ್ ಕಣ್ಣಿಗೇ ಬೀಳುತ್ತಿರಲಿಲ್ಲ, ಮಂದಿಯ ನಡುವಿನಿಂದ ಅವನ ಕೈ ಮಾತ್ರ ಟಿಕೀಟು ಹಿಡಿದುಕೊಂಡು ಮೇಲೆ ಬರುತ್ತಿತ್ತು. ನನಗೋ ಎಲ್ಲಿಲ್ಲದ ಹುರುಪು! ಬಾಗಿಲಲ್ಲಿ ಜೋತುಬಿದ್ದು ಸೀಟಿ ಹೊಡೆಯುತ್ತಿದ್ದೆ.

ಹಾವೇರಿ ಬಂತು. ಅಲ್ಲಿ ಇಳಿಯಬೇಕಾದ ಹೂವಿನವರಿಗೂ ಬುತ್ತಿಯವರಿಗೂ ಬಾಗಿಲಿಗೆ ಬರಲು ದಾರಿಯೇ ಸಿಗಲಿಲ್ಲ. ಕನ್ನಡಕ ಹಾಕಿದ, ಬಿಳಿ ಅಂಗಿಯವರೊಬ್ಬರು ಬಾಗಿಲಿಗೆ ಬಂದು ಕಾಲಿಡಲು ನೋಡಿದರು. ಕಾಲಿಡಲು ಮೆಟ್ಟಿಲೇ ಕಾಣಿಸಲಿಲ್ಲ.

"ಜಾಗ ಇಲ್ಲ! ಹಿಂದಿನ ಬಸ್ಸಿಗೆ ಬರ್ರಿ!" ಒಳಗಿನಿಂದ ಕಂಡಕ್ಟರ್ ಕೂಗಿದ.

"ಹಿಂದಿನ ಬಸ್ ಯಾವಾಗ?"

"ನಾಳೆ ಮುಂಜಾನೆ!"

"ಏಯ್, ನಾನು ಈ ಬಸ್ಸಿಗೆ ಬರಲೇಬೇಕು! ನಾನು ಸಾಹೇಬ!"

"ಹೌದ್ರೀ, ಇಲ್ಲಿರೋರೆಲ್ಲಾ ಸಾಹೇಬ್ರ" ಎಂದು ನಾನೇ ಅವರ ಕೈಯನ್ನು ಬಾಗಿಲಿನ ಸರಳಿನಿಂದ ಮೆಲ್ಲಗೆ ಬಿಡಿಸಿ, "ರೈಟ್!" ಎಂದು ಬಸ್ಸಿಗೆ ಬಡಿದೆ. ಬಸ್ಸು ಹೊರಟಿತು.

ಹೆದ್ದಾರಿ ಹತ್ತಿದ ಮೇಲೆ ನನಗೆ ಹೊಳೆಯಿತು. "ಲೇ ಕಂಡಕ್ಟರ, ಮಂದಿ ನೋಡಾಕ ಬರೂ ಸಾಹೇಬ್ರು ಎಲ್ಲಿ ಹತ್ತವರಿದ್ರು?"

ಮಂದಿಯ ನಡುವೆ ಟಿಕೀಟಿನ ಕೈ ಮೆಲ್ಲಗೆ ಕೆಳಗಿಳಿಯಿತು. ಆಮೇಲೆ ಸಣ್ಣ ದನಿ, "ಹಾವೇರಿಯಾಗ್ರಿ."

ನೂರು ಮಂದಿಯನ್ನು ಹತ್ತಿಸಿದವನು ಹತ್ತಬೇಕಾದ ಒಬ್ಬರನ್ನು ಇಳಿಸಿ ಬಂದಿದ್ದೆ! ಅಕ್ಕ ಜನರ ಸಂದಿಯಿಂದ ನನ್ನನ್ನು ನೋಡಿದ ನೋಟಕ್ಕೆ ಮೋಟೆಬೆನ್ನೂರಿನಲ್ಲೇ ಇಳಿದು ಓಡಿಹೋಗಬೇಕು ಅನ್ನಿಸಿತು. ಬಸ್ಸು ಅಲ್ಲಿ ನಿಲ್ಲದೇ ಓಡಿದ್ದರಿಂದ ಇಳಿಯಲೂ ಆಗಲಿಲ್ಲ.

ಬ್ಯಾಡಗಿ ಮುಟ್ಟಿ ಖಾನಾವಳಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತೆವು. ಸ್ವಲ್ಪ ಹೊತ್ತಿಗೆ ಹಾವೇರಿ ಕಡೆಯ ಮೆಣಸಿನಕಾಯಿ ಟೆಂಪೋ ಬಂದು ನಿಂತಿತು. ಚೀಲಗಳ ಮೇಲಿನಿಂದ ಬಿಳಿ ಅಂಗಿಯವರು ಇಳಿದರು. ಅಂಗಿ ಕೆಂಪಾಗಿತ್ತು, ಮೂಗು ಅಂಗಿಗಿಂತ ಕೆಂಪಾಗಿತ್ತು. ಸೀನುತ್ತಾ ಸೀನುತ್ತಾ ನೆಟ್ಟಗೆ ನನ್ನ ಖಾನಾವಳಿಗೇ ಬಂದು ಕೂತರು. ಕಣ್ಣಲ್ಲಿ ನೀರು ತುಂಬಿ ಹರಿಯುತ್ತಿದ್ದುದರಿಂದ ನನ್ನ ಗುರುತು ಹತ್ತಲಿಲ್ಲ, ದೇವರು ದೊಡ್ಡವನು.

"ಏನ್... ಆಕ್ಷೀ! ಏನೈತಿ ಊಟಕ್ಕ?"

"ಎಣಗಾಯಿ ಐತ್ರಿ, ಮಡಕಿಕಾಳು ಪಲ್ಯ ಐತ್ರಿ, ಶೇಂಗಾ ಚಟ್ನಿ..."

"ರೊಟ್ಟಿ?"

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಎರಡನೆಯವಳ ಮುಖ ನೋಡಿದಳು. ಎರಡನೆಯವಳು ಮೂರನೆಯವಳನ್ನು, ಮೂರನೆಯವಳು ನಾಲ್ಕನೆಯವಳನ್ನು, ನಾಲ್ಕನೆಯವಳು ಮೇಲಿನ ತಗಡನ್ನು. ಅವಳು ಬಡಿದಿರುತ್ತಾಳೆಂದು ಇವಳು, ಇವಳು ಬಡಿದಿರುತ್ತಾಳೆಂದು ಅವಳು! ನಾಲ್ವರೂ ನಸುಕಿನಲ್ಲೆದ್ದು ಇಳಕಲ್ ಸೀರೆಯುಟ್ಟು, ಹೂವು ಮುಡಿದು ಬಸ್ಸು ಹತ್ತಿದ್ದರು. ರೊಟ್ಟಿಗೋಸ್ಕರ ಬಸ್ಸು ಉಳಿಸಲು ಬಂದವರು ರೊಟ್ಟಿಯನ್ನೇ ಮರೆತಿದ್ದರು.

"ರೊಟ್ಟಿ ದಿನಾ ಅಗಡಿ ಬಸ್ಸಿಗೆ ಬರ್ತಾವ್ರಿ" ಎಂದೆ ಮೆಲ್ಲಗೆ. "ಇವತ್ತ ಬಂದಿಲ್ಲ."

"ಯಾಕ?"

ನಾನು ಒಂದು ಸುಳ್ಳು ಹುಡುಕುತ್ತಿದ್ದೆ, ಅಷ್ಟರಲ್ಲಿ ಅಕ್ಕ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು.

"ಬಸ್ಸಿನ್ಯಾಗ ಜಾಗ ಸಿಗಲಿಲ್ರಿ, ಸಾಹೇಬ್ರ."

ಸಾಹೇಬರು ಕರವಸ್ತ್ರದಿಂದ ಮೂಗು ಒರೆಸಿಕೊಂಡು ಅವಳನ್ನೇ ನೋಡಿದರು. ಮುಖದ ಮೇಲೆ ಎಂಥಾ ಅಂತಃಕರಣ ಅಂತೀರಿ!

"ನನಗೂ ಸಿಗಲಿಲ್ಲವ್ವಾ" ಎಂದರು.

ಅಕ್ಕ ಸೀರೆ ಸಿಕ್ಕಿಸಿ ನನ್ನ ಒಲೆಗೇ ಕೂತು ರೊಟ್ಟಿ ಬಡಿದಳು. ಸಾಹೇಬರು ತಿಂದರು, ಸೀನಿದರು, ಮತ್ತೆ ತಿಂದರು. ಏಳುವಾಗ, "ಇಂಥಾ ಗದ್ದಲದ ದಾರಿಗೆ ಒಂದ ಬಸ್ ಎಲ್ಲಿ ಸಾಕಾಕೈತಿ? ನಾಳಿಂದ ಎರಡು ಬಿಡ್ತೀವಿ!" ಎಂದರು.

ಆ ಎರಡನೇ ಬಸ್ಸು ಮುಂದೆ ಬೇರೆ ಊರಿನ ಪಾಲಾಯಿತು, ನಮ್ಮ ಹಳೆಯದು ಉಳಿಯಿತು. ಆದರೆ ಮರುದಿನ ಮುಂಜಾನೆ ನೋಡಬೇಕಿತ್ತು ನೀವು! ಬ್ಯಾಡಗಿಗೆ ಒಂದರ ಹಿಂದೊಂದು ಎರಡು ಬಸ್ಸು ಬಂದು ನಿಂತವು. ಮೊದಲನೆಯದರಲ್ಲಿ ಡ್ರೈವರ್, ಕಂಡಕ್ಟರ್, ಬಾನೆಟ್ ಮೇಲೆ ರೊಟ್ಟಿ ಗಂಟು. ಎರಡನೆಯದರಲ್ಲಿ ಡ್ರೈವರ್, ಹೊಸ ಕಂಡಕ್ಟರ್, ಅಕ್ಕ ಖುಷಿಗೆ ಕಳಿಸಿದ ಒಂದು ಡಬ್ಬಿ ಅಗಸಿ ಚಟ್ನಿ. ನರಮನುಷ್ಯರೊಬ್ಬರೂ ಇಲ್ಲ! ಹೊಸ ಕಂಡಕ್ಟರ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿದು ಬಂದ.

"ಮಾಲಕ್ರ, ಚಟ್ನಿಗೆ ಏನೂ ತ್ರಾಸ ಆಗಿಲ್ರಿ. ಕಿಟಕಿ ಸೀಟ ಕೊಟ್ಟಿದ್ದೆ."

ನಗ್ರಿ, ನಗ್ರಿ, ನಗೋದಕ್ಕ ಟಿಕೀಟಿಲ್ಲ. ಅಂದಂಗ ನಿಮ್ಮೂರಿಗೆ ಯಾವ ಬಸ್ ಹೋಗ್ತೈತಿ? ನಾಳೆ ಬಾನೆಟ್ ಮ್ಯಾಲೆ ಬಿಸಿ ರೊಟ್ಟಿ ಕಳಸ್ತೀನಿ. ಈಗ ಸದ್ಯಕ್ಕ ನನ್ನ ಚಹಾದ ರೊಕ್ಕಾನೂ ನೀವ ಕೊಟ್ಟ ಬಿಡ್ರಿ.